ಜೈಲಿನಲ್ಲಿ ಸಭೆ ನಡೆಸಿದ ಪುರಸಭೆ

ಕೆಲವು ವರ್ಷಗಳ ಹಿಂದೆ ಆನ್‌ಸೈಟ್ ಅಂತ ಲಂಡನ್ನಿಗೆ ಕಳಿಸಿದ್ದರು. ಆಫೀಸು ಕ್ಯಾನರಿ ವಾರ್ಫ್‌ನಲ್ಲಿ. ಸುತ್ತ ಬರೀ ಬ್ಯಾಂಕುಗಳ ಗಾಜಿನ ಗೋಪುರಗಳು. ಊಟದ ಹೊತ್ತಿಗೆ ಅಲ್ಲಿಂದ ತಪ್ಪಿಸಿಕೊಂಡು, ಹೆದ್ದಾರಿಯ ಮೇಲಿನ ಕಾಲುಸೇತುವೆ ದಾಟಿ, ಆಚೆ ಕಡೆಯ ಪಾಪ್ಲರ್‌ಗೆ ನಡೆದು ಹೋಗುತ್ತಿದ್ದೆ. ಹದಿನೈದು ನಿಮಿಷದ ದಾರಿ. ಸೇತುವೆ ಇಳಿದರೆ ಬೇರೆಯದೇ ಊರು. ಅಲ್ಲಿ ಹೇಲ್ ಸ್ಟ್ರೀಟ್ ಅಂತ ಒಂದು ಸಣ್ಣ ಬೀದಿ ಇದೆ. ಅದರ ಗೋಡೆಯೊಂದರ ಮೇಲೆ ದೊಡ್ಡ ಚಿತ್ರ. 1921ರಲ್ಲಿ ಈ ಊರಿನ ಕೌನ್ಸಿಲರ್‌ಗಳು ಜೈಲಿಗೆ ಹೋದ ಕಥೆ ಅದು.

ಕೌನ್ಸಿಲರ್‌ಗಳು ಜೈಲಿಗೆ ಹೋದರು ಅಂದರೆ ನಮಗೆ ಮೊದಲು ಏನು ಹೊಳೆಯುತ್ತೆ ಅಂತ ಬಿಡಿಸಿ ಹೇಳಬೇಕಾಗಿಲ್ಲ. ಇವರು ಒಂದು ಪೆನ್ನಿಯನ್ನೂ ಜೇಬಿಗೆ ಹಾಕಿಕೊಂಡವರಲ್ಲ. ಜನರಿಂದ ವಸೂಲಿ ಮಾಡಬೇಕಿದ್ದ ತೆರಿಗೆಯನ್ನು ವಸೂಲಿ ಮಾಡಲ್ಲ ಅಂದರು, ಅಷ್ಟೇ.

ಪಾಪ್ಲರ್ ಒಂದು ‘ಬರೋ’ ಆಗಿತ್ತು. ಹುಬ್ಬಳ್ಳಿ ಕಡೆಯ ಹಿರಿಯರಿಗೆ ಈ ಪದ ಹೊಸದಲ್ಲ. ಮುಂಬೈ ಪ್ರಾಂತ್ಯದಲ್ಲಿ 1925ರ ಕಾಯ್ದೆಯಡಿ ದೊಡ್ಡ ಊರುಗಳ ಪುರಸಭೆಗಳನ್ನು ‘ಬರೋ ಮುನ್ಸಿಪಾಲಿಟಿ’ ಅನ್ನುತ್ತಿದ್ದರು. ಲಂಡನ್ನಿನಲ್ಲಿ 1900ರಲ್ಲಿ ಇಂಥ 28 ಬರೋಗಳನ್ನು ಮಾಡಿದರು. ಪಾಪ್ಲರ್‌ಗೆ ಸೇರಿದ್ದು ಪಾಪ್ಲರ್, ಬೋ, ಬ್ರೋಮ್ಲಿ, ಮತ್ತೆ ಇವತ್ತು ಕ್ಯಾನರಿ ವಾರ್ಫ್ ನಿಂತಿರುವ ಐಲ್ ಆಫ್ ಡಾಗ್ಸ್. ಆಗ ಅದೆಲ್ಲ ಹಡಗುಕಟ್ಟೆ. ಬೆಳಿಗ್ಗೆ ಗೇಟಿನ ಮುಂದೆ ಗುಂಪು ಸೇರಬೇಕು, ಮೇಸ್ತ್ರಿ ಕೈ ತೋರಿಸಿದವನಿಗೆ ಆ ದಿನದ ಕೂಲಿ, ಉಳಿದವರು ವಾಪಸ್ ಮನೆಗೆ. ಮೊದಲ ಮಹಾಯುದ್ಧ ಮುಗಿದು ವ್ಯಾಪಾರ ಕುಸಿದಾಗ ಮನೆಗೆ ಹೋಗುವವರೇ ಜಾಸ್ತಿಯಾದರು.

1919ರ ನವೆಂಬರ್ ಚುನಾವಣೆಯಲ್ಲಿ ಲೇಬರ್ ಪಕ್ಷ ಇಲ್ಲಿನ 42 ಸೀಟುಗಳಲ್ಲಿ 39 ಗೆದ್ದಿತು. ಗೆದ್ದವರಲ್ಲಿ ರೈಲ್ವೆ ನೌಕರರು, ಹಡಗುಕಟ್ಟೆಯ ಕೂಲಿಗಳು ಇದ್ದರು. ಮೇಯರ್ ಆದವರು ಜಾರ್ಜ್ ಲ್ಯಾನ್ಸ್‌ಬರಿ. ಇವರದು ಒಂಥರಾ ವಿಚಿತ್ರ ಹಟ. 1912ರಲ್ಲಿ ಹೆಂಗಸರಿಗೆ ಮತದಾನದ ಹಕ್ಕು ಬೇಕು ಅಂತ ತಾವಾಗಿಯೇ ಸಂಸದ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಅದೇ ವಿಷಯ ಹಿಡಿದು ಮತ್ತೆ ನಿಂತು, ಸೋತು ಮನೆಗೆ ಹೋಗಿದ್ದವರು. ಹೊಸ ಕೌನ್ಸಿಲ್ ಬಂದದ್ದೇ ಕಟ್ಟಡ, ಆರೋಗ್ಯ, ಗ್ರಂಥಾಲಯ ಅಂತ ಕೆಲಸ ಶುರು ಮಾಡಿತು. ತನ್ನ ನೌಕರರಿಗೆ ವಾರಕ್ಕೆ ಕನಿಷ್ಠ 4 ಪೌಂಡ್ ಸಂಬಳ ಅಂತ ನಿಗದಿ ಮಾಡಿತು. ಗಂಡಸರಿಗೂ ಅಷ್ಟೇ, ಹೆಂಗಸರಿಗೂ ಅಷ್ಟೇ. 1920ರ ಮಾತಿದು.

ಇದಕ್ಕೆಲ್ಲ ದುಡ್ಡು ಬರಬೇಕಾದ್ದು ಮನೆ ತೆರಿಗೆಯಿಂದ. ಜಗಳ ಹುಟ್ಟಿದ್ದೇ ಇಲ್ಲಿ. ಕಟ್ಟಡದ ಅಂದಾಜು ಬಾಡಿಗೆಯ ಪ್ರತಿ ಪೌಂಡಿಗೆ ಇಷ್ಟು ಅಂತ ತೆರಿಗೆ ಹಾಕುತ್ತಿದ್ದರು. ಪ್ರತಿ ಪೌಂಡಿಗೆ ಒಂದು ಪೆನ್ನಿ ಹಾಕಿದರೆ ಪಾಪ್ಲರ್‌ನಲ್ಲಿ ಹುಟ್ಟುತ್ತಿದ್ದದ್ದು ಸುಮಾರು 3,600 ಪೌಂಡ್. ಅದೇ ಒಂದು ಪೆನ್ನಿಗೆ ಶ್ರೀಮಂತರ ವೆಸ್ಟ್‌ಮಿನ್ಸ್ಟರ್‌ನಲ್ಲಿ ಅದರ ಎಂಟು ಪಟ್ಟಿಗೂ ಜಾಸ್ತಿ. ಸರಿ, ಬಡ ಊರಲ್ಲಿ ಕಡಿಮೆ ಹುಟ್ಟುತ್ತೆ, ಅದರಲ್ಲೇನು ವಿಶೇಷ ಅನ್ನಬಹುದು. ಆದರೆ ಕೆಲಸ ಇಲ್ಲದವರಿಗೆ ಕೊಡುವ ಪರಿಹಾರದ ದುಡ್ಡೂ ಹೆಚ್ಚುಕಮ್ಮಿ ಆಯಾ ಊರಿನ ತೆರಿಗೆಯಿಂದಲೇ ಬರಬೇಕಿತ್ತು. ಎಲ್ಲಿ ಹಸಿದವರು ಜಾಸ್ತಿಯೋ ಅಲ್ಲಿ ತೆರಿಗೆಯೂ ಜಾಸ್ತಿ. ಬಡವರನ್ನು ಸಾಕುವ ಭಾರ ಪಕ್ಕದ ಮನೆಯ ಬಡವನ ಮೇಲೆ. ವೆಸ್ಟ್‌ಮಿನ್ಸ್ಟರ್‌ನಲ್ಲಿ ನಿರುದ್ಯೋಗಿಗಳೂ ಕಡಿಮೆ, ತೆರಿಗೆ ದರವೂ ಕಡಿಮೆ. ಪಾಪ್ಲರ್‌ನ ಹಡಗುಕಟ್ಟೆಯಿಂದ ದುಡ್ಡು ಮಾಡಿದವರು ಮನೆ ಕಟ್ಟಿಕೊಂಡಿದ್ದು ಪಾಪ್ಲರ್‌ನಲ್ಲಲ್ಲ, ಅಲ್ವಾ?

ಇದು ಸಾಲದು ಅಂತ ಬರೋ ಕೌನ್ಸಿಲ್ ತನ್ನ ತೆರಿಗೆಯ ಜೊತೆಗೆ ಇನ್ನೂ ನಾಲ್ಕು ಸಂಸ್ಥೆಗಳ ಪಾಲನ್ನೂ ವಸೂಲಿ ಮಾಡಿ ಕೊಡಬೇಕಿತ್ತು: ಲಂಡನ್ ಕೌಂಟಿ ಕೌನ್ಸಿಲ್, ಪೊಲೀಸ್, ನೀರಿನ ಮಂಡಳಿ, ಆಸ್ಪತ್ರೆಗಳನ್ನು ನಡೆಸುತ್ತಿದ್ದ ಅಸೈಲಮ್ಸ್ ಬೋರ್ಡ್. 1921ರ ಮಾರ್ಚ್‌ನಲ್ಲಿ ಪಾಪ್ಲರ್ ಕೌನ್ಸಿಲ್ ತೀರ್ಮಾನ ಮಾಡಿತು. ನಮ್ಮ ಪಾಲು ವಸೂಲಿ ಮಾಡುತ್ತೇವೆ, ನಿಮ್ಮ ನಾಲ್ವರದ್ದು ಮಾಡಲ್ಲ. ಶ್ರೀಮಂತ ಬರೋಗಳು ಬಡ ಬರೋಗಳ ಭಾರ ಹಂಚಿಕೊಳ್ಳುವ ತನಕ ಇದೇ ಮಾತು.

ನನಗೆ ಇದು ಮೆಚ್ಚುಗೆಯಾಗಿದ್ದು ಧೈರ್ಯಕ್ಕಲ್ಲ, ಲೆಕ್ಕಾಚಾರಕ್ಕೆ. ತೆರಿಗೆ ಕಟ್ಟಬೇಡಿ ಅಂತ ಜನರಿಗೆ ಹೇಳಿದ್ದರೆ ಜನ ಕೋರ್ಟಿಗೆ ಅಲೆಯಬೇಕಿತ್ತು, ಅವರ ಮನೆಯ ಸಾಮಾನು ಜಪ್ತಿಯಾಗುತ್ತಿತ್ತು. ಇವರು ಹಾಗೆ ಮಾಡಲಿಲ್ಲ. ಆ ನಾಲ್ವರ ಪಾಲಿನ ತೆರಿಗೆಯನ್ನೇ ಹಾಕಲಿಲ್ಲ. ತಪ್ಪು ಪೂರ್ತಿ ತಮ್ಮ ತಲೆಯ ಮೇಲೆ ಬರುವ ಹಾಗೆ ನೋಡಿಕೊಂಡರು.

ಕೌಂಟಿ ಕೌನ್ಸಿಲ್ ಕೋರ್ಟಿಗೆ ಹೋಯಿತು. ಜುಲೈ 29ರಂದು ಕೋರ್ಟಿಗೆ ಬನ್ನಿ ಅಂತ ಕರೆ ಬಂದಾಗ ಇವರು ಸುಮ್ನೆ ಬಸ್ಸು ಹತ್ತಿ ಹೋಗಲಿಲ್ಲ. ಮುಂದೆ ಬ್ಯಾಂಡು, ಬೆಳ್ಳಿದಂಡ ಹಿಡಿದ ಚೋಪದಾರ, ಆಗ ಮೇಯರ್ ಆಗಿದ್ದ ಸ್ಯಾಮ್ ಮಾರ್ಚ್, ಹಿಂದೆ ಸಾವಿರಾರು ಜನ. ಬ್ಯಾನರ್ ಮೇಲೆ ಬರೆದಿದ್ದೇನು ಗೊತ್ತಾ? ಪಾಪ್ಲರ್ ಬರೋ ಕೌನ್ಸಿಲ್ ಹೈಕೋರ್ಟಿಗೆ ಹೊರಟಿದೆ, ಬಹುಶಃ ಜೈಲಿಗೂ. ನಮ್ಮೂರಿನ ತೇರಿನ ಮೆರವಣಿಗೆಗೆ ಕಡಿಮೆ ಇಲ್ಲದ ಸಡಗರ. ‘ಬಡವರನ್ನು ಮುರಿಯುವುದಕ್ಕಿಂತ ಕಾನೂನು ಮುರಿಯುವುದೇ ಮೇಲು’ ಅನ್ನೋದು ಅವರ ಘೋಷಣೆಯಾಗಿತ್ತು.

ಸೆಪ್ಟೆಂಬರ್ ಮೊದಲ ದಿನಗಳಲ್ಲಿ 30 ಜನರನ್ನು ಹಿಡಿದರು. 25 ಗಂಡಸರು ಬ್ರಿಕ್ಸ್‌ಟನ್ ಜೈಲಿಗೆ, ಐವರು ಹೆಂಗಸರು ಹಾಲೋವೇ ಜೈಲಿಗೆ. ಆ ಐವರ ಬಗ್ಗೆ ಬರೆಯದೆ ಮುಂದೆ ಹೋಗಲು ಮನಸ್ಸಿಲ್ಲ. ಸೂಸನ್ ಲಾರೆನ್ಸ್ ಸಿರಿವಂತರ ಮನೆಯವರು, ಮೊದಲು ಕನ್ಸರ್ವೇಟಿವ್ ಬಣದಲ್ಲಿದ್ದವರು. ಶಾಲೆ ಗುಡಿಸುವ ಹೆಂಗಸರ ಸಂಬಳದ ವಿಷಯದಲ್ಲಿ ಮನಸ್ಸು ಕೆಟ್ಟು ಆ ಕಡೆ ಬಿಟ್ಟು ಈ ಕಡೆ ಬಂದರು. ನೆಲ್ಲಿ ಕ್ರೆಸ್ಸಲ್ ತುಂಬು ಗರ್ಭಿಣಿ. ಅವರನ್ನು ಒಳಗಿಡುವುದು ಸರ್ಕಾರಕ್ಕೇ ಮುಜುಗರವಾಗಿ ಮೊದಲೇ ಬಿಟ್ಟು ಕಳಿಸಿದರು. 1943ರಲ್ಲಿ ಅದೇ ನೆಲ್ಲಿ ಪಾಪ್ಲರ್‌ನ ಮೇಯರ್ ಆದರು. ಜೂಲಿಯಾ ಸ್ಕರ್, ಜೆನ್ನಿ ಮೆಕೇ ಇನ್ನಿಬ್ಬರು. ಐದನೆಯವರು ಮಿನ್ನಿ ಲ್ಯಾನ್ಸ್‌ಬರಿ, ಜಾರ್ಜ್ ಅವರ ಸೊಸೆ, ವಲಸೆ ಬಂದ ಯೆಹೂದಿ ಮನೆಯ ಮಗಳು, ಟೀಚರ್ ಆಗಿದ್ದವರು. ಜೈಲಿನಿಂದ ಬಂದ ಕೆಲವೇ ತಿಂಗಳಲ್ಲಿ, 1922ರ ಜನವರಿ 1ರಂದು, ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು 32. ಬೋ ರಸ್ತೆಯಲ್ಲಿ ಅವರ ನೆನಪಿಗೆ ಒಂದು ಗಡಿಯಾರ ಇದೆ. ಅದರ ಕೆಳಗೆ ಬಸ್ಸಿಗೆ ಕಾಯುತ್ತಾ ನಾನು ಎಷ್ಟೋ ಸಲ ಟೈಮ್ ನೋಡಿದ್ದೇನೆ. ಯಾರದು ಅಂತ ಗೊತ್ತಾಗಿದ್ದು ಆಮೇಲೆ.

ಜೈಲಿನ ಕಥೆಯಲ್ಲಿ ನಗುವೂ ಇದೆ. ಲ್ಯಾನ್ಸ್‌ಬರಿ ಕಿಟಕಿಯ ಸರಳಿನ ಹಿಂದೆ ನಿಂತು ಹೊರಗೆ ಸೇರಿದ ಜನಕ್ಕೆ ಭಾಷಣ ಮಾಡುತ್ತಿದ್ದರು. ಊರಿನ ಕೆಲಸ ನಿಲ್ಲಬಾರದು ಅಂತ ಹಟ ಹಿಡಿದು ಜೈಲಿನೊಳಗೇ ಕೌನ್ಸಿಲ್ ಸಭೆ ನಡೆಸಲು ಒಪ್ಪಿಗೆ ಪಡೆದರು. ಸಭೆಗೆ ಹಾಲೋವೇಯಿಂದ ಹೆಂಗಸರನ್ನು ಟ್ಯಾಕ್ಸಿಯಲ್ಲಿ ಕರೆತರುತ್ತಿದ್ದರು. ಪುರಸಭೆ ಜೈಲಿನಲ್ಲಿ, ಊರು ಹೊರಗೆ.

ಲೇಬರ್ ಪಕ್ಷದೊಳಗೇ ಇದು ಎಲ್ಲರಿಗೂ ಇಷ್ಟವಾಗಿರಲಿಲ್ಲ. ಹ್ಯಾಕ್ನಿಯ ಮೇಯರ್ ಆಗಿದ್ದ ಹರ್ಬರ್ಟ್ ಮಾರಿಸನ್ ಅವರಿಗೆ ಈ ದಾರಿ ಹಿಡಿಸಲಿಲ್ಲ. ಅವರು ಕಾನೂನಿನೊಳಗೇ ಕೆಲಸ ಮಾಡಿ ಜನರ ನಂಬಿಕೆ ಗಳಿಸಬೇಕು ಅನ್ನುವವರು. ಅವರ ಮಾತನ್ನು ನಾನು ತಳ್ಳಿ ಹಾಕಲ್ಲ. ಎಲ್ಲ ಬರೋಗಳೂ ಹೀಗೇ ಮಾಡಿದರೆ ಆಸ್ಪತ್ರೆ ನಡೆಸುವವರು ಯಾರು? ಆದರೆ ಗಮನಿಸಿ, ಬೇರೆಯವರೂ ಹೀಗೇ ಮಾಡುತ್ತಾರೆ ಅನ್ನೋ ಭಯವೇ ಸರ್ಕಾರವನ್ನು ಬಗ್ಗಿಸಿದ್ದು. ಪಕ್ಕದ ಸ್ಟೆಪ್ನಿ ಮತ್ತು ಬೆತ್ನಲ್ ಗ್ರೀನ್ ಕೌನ್ಸಿಲ್‌ಗಳು ನಾವೂ ಬರುತ್ತೇವೆ ಅಂದವು. ಅಕ್ಟೋಬರ್ 12ರಂದು ಎಲ್ಲರನ್ನೂ ಬಿಟ್ಟರು. ತೆರಿಗೆ ಕಟ್ಟಿರಲಿಲ್ಲ, ಕ್ಷಮೆಯೂ ಕೇಳಿರಲಿಲ್ಲ. ಅದೇ ವರ್ಷ ಹೊಸ ಕಾಯ್ದೆ ಬಂತು. ಪರಿಹಾರದ ಖರ್ಚಿನ ದೊಡ್ಡ ಭಾಗ ಇಡೀ ಲಂಡನ್ನಿನ ಹೆಗಲಿಗೆ ಹೋಯಿತು. ಕಾನೂನು ಮುರಿದವರಿಗಾಗಿ ಕಾನೂನೇ ಬದಲಾಯಿತು.

ಪೂರ್ತಿ ಗೆಲುವು ಅಂತ ಬರೆದರೆ ಸುಳ್ಳಾಗುತ್ತೆ. ಆ 4 ಪೌಂಡ್ ಸಂಬಳ ಇತ್ತಲ್ಲ, ಅದರ ಮೇಲೆ ಸರ್ಕಾರಿ ಆಡಿಟರ್ ಕಣ್ಣು ಬಿತ್ತು. ಬೆಲೆಗಳು ಇಳಿದಿವೆ, ಹೊರಗೆ ಕೂಲಿ ಇಳಿದಿದೆ, ನೀವು ಮಾತ್ರ ಯಾಕೆ ಇಳಿಸಿಲ್ಲ ಅಂತ ಕೇಳಿದರು. 5,000 ಪೌಂಡ್ ಹಣವನ್ನು ಕೌನ್ಸಿಲರ್‌ಗಳೇ ಕೈಯಿಂದ ಕಟ್ಟಬೇಕು ಅಂದರು. ಕೇಸು ಆಗ ಅಲ್ಲಿನ ಅತ್ಯುನ್ನತ ಕೋರ್ಟೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತನಕ ಹೋಗಿ 1925ರಲ್ಲಿ ಕೌನ್ಸಿಲ್ ಸೋತಿತು. ನಮ್ಮ ಲಾ ಕಾಲೇಜು ಹುಡುಗರಿಗೆ ‘ರಾಬರ್ಟ್ಸ್ ವರ್ಸಸ್ ಹಾಪ್‌ವುಡ್’ ಅಂದರೆ ಗೊತ್ತಾಗುತ್ತೆ. ಆಡಳಿತದವರ ವಿವೇಚನೆಗೆ ಮಿತಿ ಎಲ್ಲಿ ಅಂತ ಪಾಠ ಬರುವಾಗ ಇದೂ ಬರುತ್ತೆ. ಆ ತೀರ್ಪಿನಲ್ಲಿ ಲಾರ್ಡ್ ಆಟ್ಕಿನ್ಸನ್, ಸಮಾಜವಾದಿ ದಾನಧರ್ಮದ ವಿಚಿತ್ರ ತತ್ವಗಳು, ಗಂಡು ಹೆಣ್ಣಿಗೆ ಒಂದೇ ಸಂಬಳ ಕೊಡಿಸುವ ಸ್ತ್ರೀವಾದಿ ಹಂಬಲ ಅಂತೆಲ್ಲ ಬೈದಿದ್ದಾರೆ. ಇವತ್ತು ಓದಿದರೆ ಬೈಗುಳ ಯಾರಿಗೆ ತಗುಲುತ್ತೆ ಅಂತ ನೀವೇ ಹೇಳಿ. ಕಾನೂನಿನ ವಿದ್ಯಾರ್ಥಿಗಳು ಈ ತೀರ್ಪನ್ನು ಓದುವಾಗ ಆ ನಾಲ್ಕು ಪೌಂಡ್ ಯಾರ ಮನೆಗೆ ಹೋಗುತ್ತಿತ್ತು ಅನ್ನೋದನ್ನೂ ಓದಬೇಕು ಅಂತ ನನಗನ್ನಿಸುತ್ತೆ.

ಗಾಂಧೀಜಿಗೂ ಈ ಊರಿಗೂ ನಂಟಿದೆ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದಾಗ ಅವರು ಹೋಟೆಲಿನಲ್ಲಿ ಇರಲಿಲ್ಲ, ಸುಮಾರು 12 ವಾರ ಕಿಂಗ್ಸ್ಲಿ ಹಾಲ್‌ನಲ್ಲಿದ್ದರು ಅಂತ ಓದಿರುತ್ತೇವೆ. ಅದು ಇರುವುದು ಬ್ರೋಮ್ಲಿಯಲ್ಲಿ, ಅಂದರೆ ಇದೇ ಪಾಪ್ಲರ್ ಬರೋದಲ್ಲಿ. ಅದನ್ನು ಕಟ್ಟಿ ನಡೆಸುತ್ತಿದ್ದ ಮ್ಯೂರಿಯಲ್ ಲೆಸ್ಟರ್ ಕೂಡ ಜೈಲು ಪ್ರಸಂಗದ ನಂತರ ಪಾಪ್ಲರ್ ಕೌನ್ಸಿಲ್ ಸೇರಿ, ತಾಯಿ ಮಕ್ಕಳ ಆರೋಗ್ಯದ ಸಮಿತಿ ನೋಡಿಕೊಂಡವರು. ಉಪ್ಪಿನ ಕಾನೂನು ಮುರಿದು ಜೈಲು ಕಂಡು ಬಂದ ಮನುಷ್ಯನಿಗೆ ಇದಕ್ಕಿಂತ ಒಪ್ಪುವ ನೆರೆಹೊರೆ ಲಂಡನ್ನಿನಲ್ಲಿ ಎಲ್ಲಿ ಸಿಗಬೇಕಿತ್ತು!

ಲ್ಯಾನ್ಸ್‌ಬರಿ ಮುಂದೆ ಲೇಬರ್ ಪಕ್ಷದ ನಾಯಕರಾದರು, 1940ರಲ್ಲಿ ತೀರಿಕೊಂಡರು. ಮಿನ್ನಿಯ ಗಂಡ ಎಡ್ಗರ್ ಕೂಡ ಜೈಲಿಗೆ ಹೋಗಿದ್ದವರು, ಆಮೇಲೆ ಮೇಯರ್ ಆದವರು. ಅವರ ಎರಡನೇ ಮದುವೆಯ ಮಗಳೇ ಹಾಲಿವುಡ್ ನಟಿ ಆಂಜೆಲಾ ಲ್ಯಾನ್ಸ್‌ಬರಿ. ಕೌನ್ಸಿಲ್ ಕೂರುತ್ತಿದ್ದ ಹಳೇ ಟೌನ್ ಹಾಲ್ ಈಗ ಹೋಟೆಲ್. ಹೆಸರು ಲ್ಯಾನ್ಸ್‌ಬರಿ ಅಂತಲೇ ಇಟ್ಟಿದ್ದಾರೆ.

ಪಾಪ್ಲರ್ ಬರೋ 1965ರ ಏಪ್ರಿಲ್ 1ಕ್ಕೆ ಮುಗಿಯಿತು. ಲಂಡನ್ನನ್ನು ಹೊಸದಾಗಿ ಹಂಚುವಾಗ ಅದನ್ನು ಇನ್ನೆರಡು ಬರೋಗಳ ಜೊತೆ ಸೇರಿಸಿ ಟವರ್ ಹ್ಯಾಮ್ಲೆಟ್ಸ್ ಅಂತ ಮಾಡಿದರು. ಆ ಎರಡು ಯಾವುವು ಅಂತೀರಾ? ಸ್ಟೆಪ್ನಿ ಮತ್ತು ಬೆತ್ನಲ್ ಗ್ರೀನ್. ಅವತ್ತು ನಾವೂ ಬರುತ್ತೇವೆ ಅಂದಿದ್ದವರೇ.