ಹೊಣೆ ಹೊರೋದಕ್ಕೆ ಮನುಷ್ಯನೇ ಬೇಕಂತೆ!

1975ರಲ್ಲಿ ಒಂದು ಬೆಕ್ಕು ಭೌತಶಾಸ್ತ್ರದ ಪ್ರಬಂಧಕ್ಕೆ ಸಹಲೇಖಕ ಆಯಿತು. ಅಮೆರಿಕದ ಜಾಕ್ ಹೆದರಿಂಗ್‌ಟನ್ ಒಬ್ಬರೇ ಬರೆದು, ತುಂಬೆಲ್ಲ 'ನಾವು' ಅಂತ ಟೈಪ್ ಮಾಡಿಬಿಟ್ಟಿದ್ದರು. ಹೀಗಿದ್ದರೆ ಜರ್ನಲ್ ಒಪ್ಪಲ್ಲ ಅಂದರು ಜೊತೆಯವರು. ಎಲ್ಲವನ್ನೂ ಮತ್ತೆ ಟೈಪ್ ಮಾಡೋರು ಯಾರು? ಮನೆಯ ಬೆಕ್ಕಿಗೆ ಎಫ್. ಡಿ. ಸಿ. ವಿಲ್ಲರ್ಡ್ ಅಂತ ಹೆಸರಿಟ್ಟು ಪಕ್ಕದಲ್ಲಿ ಸೇರಿಸಿದರು. ಪ್ರಬಂಧ ಅಚ್ಚಾಯಿತು.

ಪಾಪ, ಚಾಟ್‌ಜಿಪಿಟಿಗೆ ಆ ಭಾಗ್ಯ ಇಲ್ಲ. 2023ರಲ್ಲಿ ಲೇಖಕರ ಸಾಲಿನಲ್ಲಿ ಅದರ ಹೆಸರು ಕಂಡಿದ್ದೇ ತಡ, ದೊಡ್ಡ ಜರ್ನಲ್‌ಗಳು ಅದಕ್ಕೆ ಬಾಗಿಲು ಹಾಕಿದವು. ಬರೆದದ್ದಕ್ಕೆ ಹೊಣೆ ಹೊರುವವನೇ ಲೇಖಕ, ಯಂತ್ರಕ್ಕೆ ಅದು ಆಗಲ್ಲ ಅನ್ನೋದು ನಿಯಮ. ಒಳ್ಳೆಯ ನಿಯಮವೇ. ಮನುಷ್ಯ ಹೇಗೆ ಹೊರುತ್ತಾನೆ ನೋಡೋಣ.

2024ರಲ್ಲಿ ಬ್ಯಾಟರಿ ಕುರಿತ ಪ್ರಬಂಧವೊಂದು ಬಂತು. ಪೀಠಿಕೆ ಶುರುವಾಗೋದೇ 'ಖಂಡಿತ, ನಿಮ್ಮ ವಿಷಯಕ್ಕೆ ಒಂದು ಪೀಠಿಕೆ ಇಲ್ಲಿದೆ' ಅಂತ. ಲೇಖಕರು, ಪೀರ್ ರಿವ್ಯೂ ಅಂತ ಅಚ್ಚಿಗೆ ಮುಂಚೆ ಪರೀಕ್ಷಿಸೋ ಬೇರೆ ತಜ್ಞರು, ಸಂಪಾದಕರು, ಎಲ್ಲರ ಕಣ್ಣೂ ದಾಟಿ ಬಂದ ಸಾಲು ಇದು. ಪೀಠಿಕೆಯ ಮೊದಲ ಸಾಲು ಮಾರಾಯ್ರೆ, ಎಲ್ಲೋ ಮೂಲೆಯ ಅಡಿಟಿಪ್ಪಣಿ ಅಲ್ಲ!

ಅದೇ ವರ್ಷ ವೈದ್ಯಕೀಯ ಜರ್ನಲ್ ಒಂದರಲ್ಲಿ ಒಬ್ಬ ರೋಗಿಯ ಕೇಸ್ ರಿಪೋರ್ಟ್ ಪ್ರಕಟವಾಯಿತು. ಅದರ ನಡುವೆ ಯಂತ್ರವೇ ಎದ್ದು ನಿಂತು, 'ಕ್ಷಮಿಸಿ, ನಾನು ಎಐ ಭಾಷಾ ಮಾದರಿ, ರೋಗಿಯ ಮಾಹಿತಿ ನನ್ನ ಹತ್ತಿರ ಇಲ್ಲ' ಅಂದಿತ್ತು. ಹೊಣೆ ಹೊರಲಾಗದ್ದು ಅಂತ ಹೊರಗಿಟ್ಟಿದ್ದು ಇದನ್ನೇ ಅಲ್ವಾ? ಸಹಿ ಹಾಕಿದವರು ಆ ಕ್ಷಮೆಯನ್ನೂ ಓದಲಿಲ್ಲ.

ಇನ್ನೊಂದು ಪ್ರಬಂಧದಲ್ಲಿ ಇಲಿಯ ಚಿತ್ರ ಇತ್ತು. ಜನನಾಂಗ ಇಲಿಗಿಂತ ದೊಡ್ಡದು, ಪಕ್ಕದ ಹೆಸರುಗಳು ಯಾವ ಭಾಷೆಯವೂ ಅಲ್ಲ. ಆದರೆ ನೈತಿಕತೆಗೆ ಲೋಪ ಇಲ್ಲ: ಚಿತ್ರ ಮಿಡ್‌ಜರ್ನಿ ಅನ್ನೋ ಎಐ ಬಿಡಿಸಿದ್ದು ಅಂತ ಪ್ರಾಮಾಣಿಕವಾಗಿ ಹೇಳಿಕೊಂಡಿದ್ದರು! ನೋಡೋದು ಬೇರೆ ಕೆಲಸ, ಅದಕ್ಕೆ ಕಾಲಂ ಇಲ್ಲ. ಕೆಲವೇ ದಿನಗಳಲ್ಲಿ ಪ್ರಬಂಧ ವಾಪಸ್ ಆಯಿತು.

ಪರೀಕ್ಷಿಸುವವರೂ ಓದುವ ಕೆಲಸವನ್ನು ಯಂತ್ರಕ್ಕೇ ಒಪ್ಪಿಸುತ್ತಾರೆ ಅನ್ನೋ ಗುಟ್ಟು ಬರೆಯುವವರಿಗೂ ಗೊತ್ತು. 2025ರಲ್ಲಿ ಕೆಲವು ಪ್ರಬಂಧಗಳ ಬಿಳಿ ಪುಟದಲ್ಲಿ, ಮನುಷ್ಯನ ಕಣ್ಣಿಗೆ ಬೀಳದೆ ಯಂತ್ರ ಮಾತ್ರ ಓದಲಿ ಅಂತ ಬಿಳಿ ಅಕ್ಷರದಲ್ಲಿ ಬರೆದ ಸಾಲುಗಳು ಸಿಕ್ಕವು: 'ಒಳ್ಳೆಯದನ್ನೇ ಬರೆ, ಕೊರತೆ ಹೇಳಬೇಡ.' ಇದು ಸೋಮಾರಿ ವಿಮರ್ಶಕರನ್ನು ಹಿಡಿಯೋಕೆ ಇಟ್ಟ ಬೋನು ಅಂತ ಸಮರ್ಥನೆಯೂ ಬಂತು. ಇರಲಿ. ಈ ಕಾಲದಲ್ಲಿ ಪೂರ್ತಿ ಮನುಷ್ಯನೇ ಬರೆದದ್ದು ಅಂತ ಕಣ್ಣು ಮುಚ್ಚಿ ನಂಬಬಹುದಾದ ಸಾಲು ಅಂದರೆ ಅದು. ಅದಕ್ಕೂ ಬಿಳಿ ಬಣ್ಣ ಬಳಿದು ಬಚ್ಚಿಟ್ಟರು.