ಒಳಮನೆಯಿಂದ ಜಗಲಿಗೆ ಫೈಲ್ ಕಳಿಸಲು ಇಂಟರ್‌ನೆಟ್ ಯಾಕೆ?

ನಮ್ಮ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಎಷ್ಟೋ ಮನೆಗಳಲ್ಲಿ ಎರಡು ಮೂರು ಕಂಪ್ಯೂಟರ್ ಇವೆ. ಜಗಲಿ ಪಕ್ಕದ ಕೋಣೆಯಲ್ಲಿ ಅಡಿಕೆ ಲೆಕ್ಕದ ಹಳೇ ಡೆಸ್ಕ್‌ಟಾಪ್. ಉಪ್ಪರಿಗೆಯಲ್ಲಿ ಮಗನದೋ ಸೊಸೆಯದೋ ಆಫೀಸ್ ಕೆಲಸದ ಲ್ಯಾಪ್‌ಟಾಪ್. ಕೊರೊನಾ ಕಾಲದಲ್ಲಿ ಬೆಂಗಳೂರಿನಿಂದ ಬಂದವರಲ್ಲಿ ಕೆಲವರು ಇಲ್ಲೇ ಉಳಿದುಕೊಂಡರು. ಅವರ ಹಿಂದೆಯೇ ಫೈಬರ್ ಲೈನೂ ತೋಟ ದಾಟಿ ಮನೆವರೆಗೆ ಬಂತು. ಇಷ್ಟೆಲ್ಲ ಇದ್ದರೂ, ಕೆಳಗಿನ ಕಂಪ್ಯೂಟರಿನಲ್ಲಿರುವ ಮದುವೆ ವಿಡಿಯೊ ಮೇಲಿನ ಲ್ಯಾಪ್‌ಟಾಪಿಗೆ ಬೇಕು ಅಂದರೆ ಏನು ಮಾಡುತ್ತಾರೆ? ಗೂಗಲ್ ಡ್ರೈವ್‌ಗೆ ಅಪ್‌ಲೋಡ್ ಮಾಡಿ, ಮತ್ತೆ ಅಲ್ಲಿಂದ ಡೌನ್‌ಲೋಡ್ ಮಾಡುತ್ತಾರೆ. ಫೋಟೊ ಆದರೆ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಅಲ್ಲಿ ಅದರ ಗಾತ್ರ ಕುಗ್ಗಿ, ಅಜ್ಜನ ಹಳೇ ಫೋಟೊದ ಸ್ಪಷ್ಟತೆಯೇ ಹೋಗಿಬಿಡುತ್ತದೆ.

ಇದನ್ನು ನೋಡಿದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ. ಆಷಾಢದ ಗಾಳಿಗೆ ಮರ ಬಿದ್ದು ಫೈಬರ್ ತುಂಡಾದರೆ ನೆಟ್ ಯಾವಾಗ ಬರುತ್ತದೋ ಹೇಳುವ ಹಾಗಿಲ್ಲ. ಆದರೆ ಮನೆಯೊಳಗೆ ಫೈಲ್ ಹೋಗಿಬರಲು ಹೊರಗಿನ ಲೈನ್ ಬೇಕಾಗಿಯೇ ಇಲ್ಲ. ಒಂದು ಕಂಪ್ಯೂಟರಿನ ಫೋಲ್ಡರನ್ನು ಇನ್ನೊಂದಕ್ಕೆ ತೆರೆದಿಡುವ ಫೈಲ್ ಶೇರಿಂಗ್ ವಿಂಡೋಸ್‌ನಲ್ಲೇ ಇದೆ. ರೂಟರಿಗೆ ಕರೆಂಟ್ ಇದ್ದರೆ ಆಯಿತು, ಅದು ಇನ್ವರ್ಟರಿನದ್ದಾದರೂ ಸರಿ. ಅಗ್ಗದ ರೂಟರುಗಳಲ್ಲಿರುವ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಪೋರ್ಟಿನಲ್ಲಿ ಕೇಬಲ್ ಹಾಕಿದರೂ ಸೆಕೆಂಡಿಗೆ 11 ಎಂಬಿ (ಮೆಗಾಬೈಟ್) ಆಸುಪಾಸು ಸಿಗುತ್ತದೆ. 20 ಜಿಬಿ ಮದುವೆ ವಿಡಿಯೊ ಅರ್ಧ ಗಂಟೆಯಲ್ಲಿ ಮೇಲೆ ಹೋಗಿರುತ್ತದೆ. ಅದರ ಹತ್ತರಷ್ಟು ವೇಗದ ಗಿಗಾಬಿಟ್ ಪೋರ್ಟ್ ಇದ್ದು, ಡಿಸ್ಕ್ ಕೂಡ ಅಷ್ಟು ವೇಗದ್ದಾಗಿದ್ದರೆ ಮೂರು ನಾಲ್ಕು ನಿಮಿಷ ಸಾಕು.

ಹಾಗಾದರೆ ಜನ ಈ ಶೇರಿಂಗನ್ನು ಯಾಕೆ ಬಳಸುವುದಿಲ್ಲ? ಒಮ್ಮೆ ಸರಿ ಮಾಡಿಕೊಟ್ಟರೂ ಅದು ನಡುವೆ ಕೈಕೊಡುತ್ತದೆ. ಯಾಕೆ ಕೈಕೊಟ್ಟಿತು ಅಂತ ಯಾರೂ ಹೇಳುವುದಿಲ್ಲ.

ನಮ್ಮ ಕಡೆ ಅದು ಕೈಕೊಡುವುದು ಜಾಸ್ತಿ ಸಿಡಿಲಿನ ನಂತರ. ಏಪ್ರಿಲ್-ಮೇ ತಿಂಗಳ ಸಂಜೆ ಗುಡುಗು ಶುರುವಾಗುತ್ತದೆ, ಪ್ಲಗ್ ಕಿತ್ತಿಡಲು ಮರೆತಿರುತ್ತಾರೆ, ರೂಟರ್ ಸುಡುತ್ತದೆ. ಲೈನ್ ಹುಡುಗ ಬಂದು ಹೊಸದು ಹಾಕುತ್ತಾನೆ. ಫೋನಿನಲ್ಲಿ ಯೂಟ್ಯೂಬ್ ಓಡಿತು, ಕೆಲಸ ಆಯಿತು. ಮರುದಿನ ಹೊಸನಗರದಿಂದ ಸೋದರಮಾವನ ಫೋನ್: "ನಾವೆಂತದೂ ಮುಟ್ಟಿಲ್ಲ ಮಾರಾಯ. ಮೊನ್ನೆವರೆಗೆ ಸರಿ ಇತ್ತು. ಈಗ ಮೇಲಿಂದ ನೋಡಿದ್ರೆ ಕೆಳಗಿನ ಕಂಪ್ಯೂಟರೇ ಇಲ್ಲ ಅಂತದೆ."

ಮಾವ ಹೇಳಿದ್ದು ನಿಜ. ಅವರು ಏನೂ ಮುಟ್ಟಿಲ್ಲ. ಆದರೆ ರೂಟರ್ ಬದಲಾದರೆ ವಿಂಡೋಸ್ ತಾನು ಬೇರೆ ಯಾವುದೋ ಹೊಸ ನೆಟ್‌ವರ್ಕಿಗೆ ಬಂದಿದ್ದೇನೆ ಅಂದುಕೊಳ್ಳುತ್ತದೆ. ಹೊಸ ನೆಟ್‌ವರ್ಕ್ ಅಂದರೆ ಅದರ ಲೆಕ್ಕದಲ್ಲಿ ಪಬ್ಲಿಕ್, ಬಸ್ ಸ್ಟ್ಯಾಂಡಿನ ವೈಫೈ ಇದ್ದ ಹಾಗೆ. ಆಗ ಅದು ಅಡಗಿ ಕೂರುತ್ತದೆ, ಬೇರೆ ಕಂಪ್ಯೂಟರಿಗೆ ಕಾಣಿಸಿಕೊಳ್ಳುವುದಿಲ್ಲ, ಫೈಲ್ ಕೇಳಿದರೆ ಉತ್ತರವನ್ನೂ ಕೊಡುವುದಿಲ್ಲ. ಇದು ಕೆಟ್ಟದ್ದಲ್ಲ, ನಮ್ಮ ರಕ್ಷಣೆಗೇ ಇರುವ ಏರ್ಪಾಡು. ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ತೆಗೆದು, ಅದರ ಪ್ರಾಪರ್ಟೀಸ್‌ನಲ್ಲಿ ಪಬ್ಲಿಕ್ ಇದ್ದದ್ದನ್ನು ಪ್ರೈವೇಟ್ ಮಾಡಬೇಕು. ಎರಡೂ ಕಂಪ್ಯೂಟರಿನಲ್ಲಿ ಮಾಡಬೇಕು. ಅಲ್ಲೇ ಮುಂದೆ ಹೋದರೆ ನೆಟ್‌ವರ್ಕ್ ಡಿಸ್ಕವರಿ, ಫೈಲ್ ಆ್ಯಂಡ್ ಪ್ರಿಂಟರ್ ಶೇರಿಂಗ್ ಅಂತ ಎರಡು ಸ್ವಿಚ್ ಇವೆ, ಅವು ಆನ್ ಇರಬೇಕು. ನನಗೆ ಬರುವ ಫೋನುಗಳಲ್ಲಿ ಬಹಳಷ್ಟು ಇಲ್ಲಿಗೇ ಮುಗಿಯುತ್ತವೆ.

ಮುಗಿಯದಿದ್ದರೆ ನೋಡಬೇಕಾದ್ದು ವಿಳಾಸ, ಅಂದರೆ ರೂಟರ್ ಪ್ರತಿ ಕಂಪ್ಯೂಟರಿಗೂ ಕೊಡುವ ನಂಬರ್. ಎರಡೂ ಕಂಪ್ಯೂಟರಿನಲ್ಲಿ ಕಮಾಂಡ್ ಪ್ರಾಂಪ್ಟ್ ಅನ್ನುವ ಕಪ್ಪು ಕಿಟಕಿ ತೆಗೆದು ಐಪಿಕಾನ್ಫಿಗ್ (ipconfig) ಅಂತ ಹೊಡೆಯಿರಿ. ಐಪಿವಿ4 ಸಾಲಿನಲ್ಲಿರುವ ನಂಬರ್ ಬರೆದುಕೊಳ್ಳಿ. 169.254 ಅಂತ ಶುರುವಾದರೆ ಆ ಕಂಪ್ಯೂಟರಿಗೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ. ಕೇಬಲ್ ನೋಡಿ, ಪೋರ್ಟಿನ ದೀಪ ನೋಡಿ. ಸಿಡಿಲಿಗೆ ರೂಟರ್ ಪೂರ್ತಿ ಸಾಯದೆ ಒಂದೇ ಒಂದು ಪೋರ್ಟ್ ಸತ್ತಿರುವುದೂ ಉಂಟು. ಪಕ್ಕದ ಪೋರ್ಟಿಗೆ ಸಿಕ್ಕಿಸಿ ನೋಡುವುದಕ್ಕೆ ಖರ್ಚೇನೂ ಇಲ್ಲ.

ಒಂದರಲ್ಲಿ 192.168.1.5, ಇನ್ನೊಂದರಲ್ಲಿ 192.168.0.102 ಅಂತ ಮೂರನೇ ಸಂಖ್ಯೆಯೇ ಬೇರೆ ಬಂದರೆ ಅಲ್ಲಿ ಬೇರೆಯದೇ ಕಥೆ ಇದೆ. ಮಾವನ ಮನೆಯಲ್ಲಿ ಇದ್ದದ್ದೂ ಇದೇ. ಹಳೇ ಮನೆ, ಮೊಳದಗಲದ ಮಣ್ಣಿನ ಗೋಡೆ. ಕೆಳಗಿನ ವೈಫೈ ಉಪ್ಪರಿಗೆ ಮುಟ್ಟುವುದಿಲ್ಲ. ಹಾಗಾಗಿ ಮೇಲೆ ಇನ್ನೊಂದು ರೂಟರ್ ಇಟ್ಟಿದ್ದಾರೆ. ಕೆಳಗಿನಿಂದ ಬಂದ ಕೇಬಲನ್ನು ಮೇಲಿನ ರೂಟರಿನ ಬೇರೆ ಬಣ್ಣದ ಪೋರ್ಟಿಗೆ, ಅಂದರೆ ಹೊರಗಿನ ಲೈನಿಗೆ ಅಂತ ಇರುವ ವ್ಯಾನ್ ಪೋರ್ಟಿಗೆ ಹಾಕಿದ್ದಾರೆ. ನೆಟ್ ಏನೋ ಬರುತ್ತದೆ. ಆದರೆ ಮನೆ ಎರಡು ಪಾಲಾಗಿದೆ. ಮೇಲಿನ ರೂಟರ್ ಕೆಳಗಿನ ನೆಟ್‌ವರ್ಕನ್ನೇ ಹೊರಗಿನ ಇಂಟರ್‌ನೆಟ್ ಅಂತ ತಿಳಿದುಕೊಂಡು, ತನ್ನ ಕಡೆಯವರನ್ನು ಅದರಿಂದ ಮರೆ ಮಾಡುತ್ತದೆ. ಮೇಲಿನಿಂದ ಕೆಳಗಿನ ಕಂಪ್ಯೂಟರಿನ ವಿಳಾಸ ಹೊಡೆದರೆ ತೆರೆಯುತ್ತದೆ. ಕೆಳಗಿನಿಂದ ಮೇಲಕ್ಕೆ ಮಾತ್ರ ದಾರಿಯೇ ಇಲ್ಲ. "ಒಂದ್ಸಲ ಬರ್ತದೆ, ಒಂದ್ಸಲ ಬರಲ್ಲ" ಅಂತ ಅತ್ತೆ ಹೇಳುತ್ತಿದ್ದರು. ಯಾರು ಎಲ್ಲಿ ಕೂತು ನೋಡಿದರು ಅನ್ನುವುದರ ಮೇಲೆ ಅದು ನಿಂತಿತ್ತು.

ಪರಿಹಾರ ಸುಲಭ. ಮೇಲಿನ ರೂಟರಿನಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಹರಡುವುದು) ಇದ್ದರೆ ಅದಕ್ಕೆ ಬದಲಾಯಿಸಿ. ಇಲ್ಲದಿದ್ದರೆ ಅದರಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಆಫ್ ಮಾಡಿ, ಅದಕ್ಕೆ ಕೆಳಗಿನ ರೂಟರಿನ ಸಾಲಿನದ್ದೇ ಬೇರೆ ಯಾರಿಗೂ ಇಲ್ಲದ ಒಂದು ವಿಳಾಸ ಕೊಟ್ಟು, ಕೇಬಲನ್ನು ವ್ಯಾನ್ ಪೋರ್ಟಿನಿಂದ ತೆಗೆದು, ಮನೆಯೊಳಗಿನ ಕಂಪ್ಯೂಟರುಗಳಿಗೆ ಇರುವ ಲ್ಯಾನ್ ಪೋರ್ಟಿಗೆ ಹಾಕಿ. ಆಗ ಇಡೀ ಮನೆಗೆ ವಿಳಾಸ ಹಂಚುವುದು ಕೆಳಗಿನ ರೂಟರ್ ಒಂದೇ.

ಇಲ್ಲಿ ಪಿಂಗ್ ಬಗ್ಗೆ, ಅಂದರೆ ಇನ್ನೊಂದು ಕಂಪ್ಯೂಟರ್ ಉತ್ತರ ಕೊಡುತ್ತದಾ ಅಂತ ಕೂಗಿ ನೋಡುವ ಆಜ್ಞೆಯ ಬಗ್ಗೆ ಒಂದು ಮಾತು. ಪಿಂಗ್ ಮಾಡಿದೆ, ಉತ್ತರ ಬರಲಿಲ್ಲ, ಕೇಬಲ್ ಹೋಗಿದೆ ಅಂತ ಕೆಲವರು ತೀರ್ಮಾನಿಸಿಬಿಡುತ್ತಾರೆ. ಹೊರಗಿನಿಂದ ಬರುವುದನ್ನು ತಡೆಯುವ ವಿಂಡೋಸ್ ಫೈರ್‌ವಾಲ್ ಮೊದಲಿಗೆ ಪಿಂಗಿಗೂ ಉತ್ತರ ಕೊಡುವುದಿಲ್ಲ. ಫೈಲ್ ಶೇರಿಂಗ್ ಆನ್ ಮಾಡಿದ ಮೇಲೆಯೇ ಅದು ತೆರೆದುಕೊಳ್ಳುವುದು. ಪಿಂಗ್ ಬಂದರೆ ದಾರಿ ಇದೆ ಅಂತ ಖಚಿತ. ಬರದಿದ್ದರೆ ಏನೂ ಖಚಿತವಲ್ಲ.

ಇನ್ನೊಂದು ವಿಷಯ. ಎಕ್ಸ್‌ಪ್ಲೋರರ್‌ನ ನೆಟ್‌ವರ್ಕ್ ಪಟ್ಟಿಯಲ್ಲಿ ಹೆಸರು ಕಾಣದಿದ್ದರೆ ಶೇರಿಂಗ್ ಕೆಟ್ಟಿದೆ ಅಂತ ಅರ್ಥವಲ್ಲ. ಪಟ್ಟಿ ತುಂಬುವ ಕೆಲಸ ಬೇರೆ, ಫೈಲ್ ಕೊಡುವ ಕೆಲಸ ಬೇರೆ. ಪಟ್ಟಿಯನ್ನು ನಂಬಬೇಡಿ. ಅದೇ ಕಿಟಕಿಯ ಅಡ್ರೆಸ್ ಬಾರಿನಲ್ಲಿ ಫೈಲ್ ಇರುವ ಕಂಪ್ಯೂಟರಿನ ವಿಳಾಸವನ್ನು \\192.168.1.5 ಅಂತ ನೇರವಾಗಿ ಹೊಡೆದು ಎಂಟರ್ ಒತ್ತಿ. ಗೆರೆಗಳು ಹಿಂದಕ್ಕೆ ವಾಲಿದವು, ಎರಡು. ತೆರೆದರೆ ಎಲ್ಲ ಸರಿ ಇದೆ, ಅದನ್ನೇ ಮ್ಯಾಪ್ ಡ್ರೈವ್ ಮಾಡಿಕೊಳ್ಳಿ, ಅಂದರೆ ನಿಮ್ಮ ಕಂಪ್ಯೂಟರಿನದೇ ಒಂದು ಡ್ರೈವ್ ಹಾಗೆ ಕಾಣುವಂತೆ ಜೋಡಿಸಿಕೊಳ್ಳಿ. ಪಟ್ಟಿಯಲ್ಲೂ ಕಾಣಲೇಬೇಕು ಅಂದರೆ, ಕಾಣಬೇಕಾದ ಕಂಪ್ಯೂಟರಿನ ಸರ್ವಿಸಸ್‌ಗೆ ಹೋಗಿ, ಫಂಕ್ಷನ್ ಡಿಸ್ಕವರಿ ರಿಸೋರ್ಸ್ ಪಬ್ಲಿಕೇಶನ್ ಅನ್ನುವುದನ್ನು ಆಟೊಮ್ಯಾಟಿಕ್ ಮಾಡಿ. ಮನೆಯ ಕಂಪ್ಯೂಟರುಗಳನ್ನು ಜೋಡಿಸುತ್ತಿದ್ದ ವಿಂಡೋಸ್ 7ರ ಕಾಲದ ಹೋಮ್‌ಗ್ರೂಪನ್ನು ಹುಡುಕಬೇಡಿ. ವಿಂಡೋಸ್ 10ರಿಂದ ಅದನ್ನು 2018ರಲ್ಲೇ ತೆಗೆದುಹಾಕಿದ್ದಾರೆ.

ಆಮೇಲೆ ಬರುವುದು ಪಾಸ್‌ವರ್ಡ್. ಜನ ಅತಿ ಹೆಚ್ಚು ಸಿಟ್ಟಾಗುವುದು ಇಲ್ಲೇ. ಸರಿಯಾಗೇ ಹೊಡೆದರೂ ತಪ್ಪು ಅನ್ನುತ್ತದೆ, ಮತ್ತೆ ಮತ್ತೆ ಕೇಳುತ್ತದೆ. ಕಾರಣ ಬಹಳ ಸಲ ಒಂದೇ. ನೀವು ಹೊಡೆಯುತ್ತಿರುವುದು ದಿನಾ ಬೆಳಗ್ಗೆ ಒತ್ತುವ ಪಿನ್. ಪಿನ್ ಆ ಕಂಪ್ಯೂಟರಿನ ಮುಂದೆ ಕೂತವರಿಗೆ ಮಾತ್ರ, ನೆಟ್‌ವರ್ಕಿನಿಂದ ಬರುವವರಿಗೆ ಅದು ನಡೆಯುವುದಿಲ್ಲ. ಖಾತೆಯ ನಿಜವಾದ ಪಾಸ್‌ವರ್ಡೇ ಬೇಕು. ಇನ್ನು ಅಡಿಕೆ ಲೆಕ್ಕದ ಡೆಸ್ಕ್‌ಟಾಪಿಗೆ ಯಾರೂ ಪಾಸ್‌ವರ್ಡೇ ಇಟ್ಟಿರುವುದಿಲ್ಲ. ಪಾಸ್‌ವರ್ಡ್ ಇಲ್ಲದ ಖಾತೆಗೆ ನೆಟ್‌ವರ್ಕಿನಿಂದ ಒಳಗೆ ಬರಲು ವಿಂಡೋಸ್ ಬಿಡುವುದೇ ಇಲ್ಲ.

ನಾನು ಎಲ್ಲರಿಗೂ ಹೇಳುವ ದಾರಿ ಇದು. ಫೈಲ್ ಇರುವ ಕಂಪ್ಯೂಟರಿನಲ್ಲಿ ಶೇರಿಂಗಿಗೆ ಅಂತಲೇ ಬೇರೆ ಒಂದು ಲೋಕಲ್ ಯೂಸರ್ ಮಾಡಿ. ಅದಕ್ಕೆ ಗಟ್ಟಿಯಾದ ಒಂದು ಪಾಸ್‌ವರ್ಡ್ ಇಡಿ. ಇನ್ನೊಂದು ಕಂಪ್ಯೂಟರ್ ಕೇಳಿದಾಗ ಅದನ್ನೇ ಕೊಟ್ಟು, ನೆನಪಿಟ್ಟುಕೋ ಅನ್ನುವ ಚೌಕಕ್ಕೆ ಟಿಕ್ ಹಾಕಿ. ಹಿಂದೆ ಯಾವತ್ತೋ ಕೊಟ್ಟ ತಪ್ಪು ಪಾಸ್‌ವರ್ಡ್ ಕೂತಿದ್ದರೆ, ವಿಂಡೋಸ್ ಪಾಸ್‌ವರ್ಡ್ ಉಳಿಸಿಡುವ ಕ್ರೆಡೆನ್ಶಿಯಲ್ ಮ್ಯಾನೇಜರ್‌ನಲ್ಲಿ ಹುಡುಕಿ ಅಳಿಸಿ.

ಒಳಗೆ ಬಂದಾಯಿತು, ಫೋಲ್ಡರೂ ಕಂಡಿತು, ಆದರೂ ಪರ್ಮಿಶನ್ ಇಲ್ಲ ಅನ್ನುತ್ತದೆ. ಅನುಮತಿ ಎರಡು ಕಡೆ ಕೊಡಬೇಕು: ಶೇರಿಂಗ್ ಟ್ಯಾಬಿನಲ್ಲಿ ಒಂದು, ಸೆಕ್ಯುರಿಟಿ ಟ್ಯಾಬಿನಲ್ಲಿ ಇನ್ನೊಂದು. ಉಣುಗೋಲು ತೆಗೆದಿಟ್ಟು ಮನೆ ಬಾಗಿಲಿಗೆ ಚಿಲಕ ಹಾಕಿಕೊಂಡರೆ ನೆಂಟರು ಅಂಗಳದಲ್ಲೇ ನಿಲ್ಲಬೇಕಲ್ವಾ, ಹಾಗೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುವುದು.

ನಾನು ಈ ಬರಹ ಬರೆಯಲು ಮುಖ್ಯ ಕಾರಣ ಈಗ ಹೇಳುತ್ತೇನೆ. ಇಷ್ಟೆಲ್ಲ ನೋಡುವ ತಾಳ್ಮೆ ಇಲ್ಲದೆ, ರಿಪೇರಿಗೆ ಬಂದವರು ಒಂದೇ ಏಟಿಗೆ ಎಲ್ಲ ತೆರೆದಿಟ್ಟು ಹೋಗುತ್ತಾರೆ. ಫೈರ್‌ವಾಲ್ ಆಫ್. ಪಾಸ್‌ವರ್ಡ್ ಕೇಳುವುದು ಆಫ್. ಎವ್ರಿವನ್‌ಗೆ ಫುಲ್ ಕಂಟ್ರೋಲ್, ಅಂದರೆ ಯಾರು ಬೇಕಾದರೂ ಏನು ಬೇಕಾದರೂ ಮಾಡಬಹುದು. ಅದೂ ಸಾಲದೆ ಎಸ್‌ಎಂಬಿ 1 ಆನ್. ಫೈಲ್ ಬರುತ್ತದೆ, ಮನೆಯವರಿಗೆ ಖುಷಿಯಾಗುತ್ತದೆ, ದುಡ್ಡು ಕೊಟ್ಟು ಕಳಿಸುತ್ತಾರೆ. ಇದು ತಪ್ಪು. ಖಂಡಿತ ತಪ್ಪು.

ಎಸ್‌ಎಂಬಿ ಅನ್ನುವುದು ವಿಂಡೋಸ್ ಕಂಪ್ಯೂಟರ್‌ಗಳು ಫೈಲ್ ಕೊಟ್ಟು ತೆಗೆದುಕೊಳ್ಳುವ ಕ್ರಮ. 1980ರ ದಶಕದಲ್ಲಿ ಐಬಿಎಂನಲ್ಲಿ ಹುಟ್ಟಿದ್ದು. ಅದರ ಹಳೇ ಮೊದಲ ಆವೃತ್ತಿಯಲ್ಲಿದ್ದ ದೋಷ ಹಿಡಿದೇ 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ಜಗತ್ತಿನ ತುಂಬ ಹಬ್ಬಿತು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳೂ ಕೆಲಸ ನಿಲ್ಲಿಸಬೇಕಾಯಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಅಪ್‌ಡೇಟ್ ಕೊಟ್ಟಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಎಸ್‌ಎಂಬಿ 1 ಅನ್ನು ತಾನಾಗಿ ಹಾಕುವುದನ್ನೇ ನಿಲ್ಲಿಸಿದರು. ಅದನ್ನು ಮತ್ತೆ ಹುಡುಕಿ ಆನ್ ಮಾಡುವ ಅಗತ್ಯ ಬೀಳುವುದು ಹೆಚ್ಚಾಗಿ ವಿಂಡೋಸ್ ಎಕ್ಸ್‌ಪಿ ಕಾಲದ ಯಂತ್ರಕ್ಕೆ. ಊರಿನ ಕೆಲವು ಸ್ಟುಡಿಯೊ, ಡಿಟಿಪಿ ಅಂಗಡಿಗಳಲ್ಲಿ ಅಂಥ ಯಂತ್ರ ಇನ್ನೂ ಇವೆ. ಅದಕ್ಕೆ ಪೆನ್‌ಡ್ರೈವ್ ಬಳಸಿ ಸಾಕು. ಒಂದು ಹಳೇ ಯಂತ್ರಕ್ಕಾಗಿ ಉಳಿದವನ್ನೆಲ್ಲ ಅಪಾಯಕ್ಕೆ ಒಡ್ಡುವುದು ಬೇಡ.

ಮನೆಯಲ್ಲಿ ಯಾರಾದರೂ ತಿಳಿಯದೆ ಒಂದು ಕೆಟ್ಟ ಅಟ್ಯಾಚ್‌ಮೆಂಟ್ ತೆರೆದರೆ, ವಾನಾಕ್ರೈಯಂಥ ರ‍್ಯಾನ್ಸಮ್‌ವೇರ್ ಆ ಕಂಪ್ಯೂಟರಿಗೆ ನಿಲ್ಲುವುದಿಲ್ಲ. ಬರೆಯಲು ಅನುಮತಿ ಇರುವ ಪ್ರತಿ ಶೇರ್ ಫೋಲ್ಡರಿಗೂ ಕೈ ಹಾಕುತ್ತದೆ. ಪಹಣಿ, ಪೋಡಿ ನಕ್ಷೆಯ ಸ್ಕ್ಯಾನು, ತೀರಿಹೋದವರ ಫೋಟೊ ಎಲ್ಲ ಅಲ್ಲೇ ಇರುತ್ತವಲ್ಲ. ಫೋಟೊ ಫೋಲ್ಡರಿಗೆ ರೀಡ್ ಮಾತ್ರ ಕೊಡಿ. ಬರೆಯಲು ಬೇಕಾದರೆ ಬೇರೆ ಒಂದು ಫೋಲ್ಡರ್ ಇಡಿ.

ಹೋಮ್‌ಸ್ಟೇ ನಡೆಸುವವರು ಇದನ್ನು ಇನ್ನೂ ಗಮನವಿಟ್ಟು ಓದಬೇಕು. ಆಗುಂಬೆ ಕಡೆ, ಶರಾವತಿ ಹಿನ್ನೀರಿನ ಕಡೆ ಎಷ್ಟು ಹೋಮ್‌ಸ್ಟೇ ಆಗಿವೆ ನೋಡಿ. ಮನೆಯವರ ವೈಫೈ ಪಾಸ್‌ವರ್ಡನ್ನೇ ಬರೆದು ಗೋಡೆಗೆ ಅಂಟಿಸಿರುತ್ತಾರೆ. ಬಂದ ಅತಿಥಿಗಳ ಫೋನು, ಲ್ಯಾಪ್‌ಟಾಪು ಎಲ್ಲವೂ ಮನೆಯ ಲೆಕ್ಕದ ಕಂಪ್ಯೂಟರ್ ಇರುವ ನೆಟ್‌ವರ್ಕಿಗೇ ಬರುತ್ತವೆ. ಮೇಲೆ ಹೇಳಿದ ಹಾಗೆ ಎಲ್ಲ ತೆರೆದಿಟ್ಟಿದ್ದರೆ ಅವರಿಗೂ ಅದು ತೆರೆದೇ ಇರುತ್ತದೆ. ರೂಟರಿನಲ್ಲಿ ಗೆಸ್ಟ್ ವೈಫೈ ಅಂತ ಇರುತ್ತದೆ, ಅದನ್ನು ಆನ್ ಮಾಡಿ ಅದರ ಪಾಸ್‌ವರ್ಡ್ ಅಂಟಿಸಿ. ಆದರೆ ಮನೆಯವರು ಆ ಗೆಸ್ಟ್ ವೈಫೈಗೆ ಸೇರಬಾರದು. ಸೇರಿದರೆ ನೆಟ್ ಬರುತ್ತದೆ, ಫೈಲ್ ಬರುವುದಿಲ್ಲ. ತಮ್ಮೊಳಗೆ ಒಬ್ಬರಿಗೊಬ್ಬರು ಕಾಣದ ಹಾಗೆ ಇಡುವುದೇ ಅದರ ಕೆಲಸ.

ವಿಂಡೋಸ್ 11ರ 24ಎಚ್2 ಅಪ್‌ಡೇಟ್ ಬಂದ ಮೇಲೆ ಇನ್ನೊಂದು ದೂರು ಶುರುವಾಗಿದೆ. ರೂಟರಿನ ಯುಎಸ್‌ಬಿಗೆ ಹಾರ್ಡ್ ಡಿಸ್ಕ್ ಸಿಕ್ಕಿಸಿ, ಪಾಸ್‌ವರ್ಡ್ ಇಲ್ಲದೆ ಬಳಸುತ್ತಿದ್ದವರಿಗೆ ಅದು ತೆರೆಯುತ್ತಿಲ್ಲ. ಪ್ರೊ ಆವೃತ್ತಿಯಲ್ಲಿ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಪ್ರವೇಶವನ್ನು ಈಗ ಮೊದಲೇ ಮುಚ್ಚಿಟ್ಟಿರುತ್ತಾರೆ. ಅದನ್ನು ತೆರೆಯುವ ಉಪಾಯ ಹುಡುಕುವ ಬದಲು ರೂಟರಿನ ಸೆಟ್ಟಿಂಗ್ಸ್ ಪುಟಕ್ಕೆ ಹೋಗಿ ಆ ಡಿಸ್ಕಿಗೆ ಯೂಸರ್ ಹೆಸರು, ಪಾಸ್‌ವರ್ಡ್ ಇಡಿ. ರೂಟರಿನ ಒಳಗಿನ ತಂತ್ರಾಂಶಕ್ಕೆ (ಫರ್ಮ್‌ವೇರ್) ಹೊಸ ಆವೃತ್ತಿ ಇದ್ದರೆ ಅದನ್ನೂ ಹಾಕಿ.

ಕೊನೆಗೆ, ಫೈಬರ್ ಲೈನ್ ಹಾಕಿಕೊಡುವ ನಮ್ಮ ಊರುಗಳ ಹುಡುಗರಿಗೆ ಒಂದು ಕೋರಿಕೆ. ನೀವು ಮಳೆಯಲ್ಲಿ ಕಂಬ ಹತ್ತಿ ಕೆಲಸ ಮಾಡುವವರು, ನಿಮ್ಮ ಕಷ್ಟ ಗೊತ್ತು. ಆದರೆ ರೂಟರ್ ಬದಲಾಯಿಸಿದ ದಿನ ಇನ್ನೊಂದು ಹತ್ತು ನಿಮಿಷ ಕೂರಿ. ಮನೆಯಲ್ಲಿ ಎರಡನೇ ರೂಟರ್ ಇದೆಯಾ ಅಂತ ಕೇಳಿ, ಅದರ ಕೇಬಲ್ ಯಾವ ಪೋರ್ಟಿಗೆ ಹೋಗಿದೆ ನೋಡಿ. ಕಂಪ್ಯೂಟರ್‌ಗಳನ್ನು ಪ್ರೈವೇಟ್‌ಗೆ ಹಾಕಿಕೊಡಿ. ಫೈಲ್ ಇರುವ ಕಂಪ್ಯೂಟರಿಗೆ ರೂಟರಿನಲ್ಲಿ ಒಂದೇ ವಿಳಾಸ ಕಾಯ್ದಿರಿಸಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಅದು ಬದಲಾಗಿ ಮ್ಯಾಪ್ ಮಾಡಿದ ಡ್ರೈವ್ ಸಿಗದೆ ಹೋಗಬಹುದು. ಆ ವಿಳಾಸವನ್ನೂ ರೂಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಮನೆಯವರ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಡಿ. ಮನೆಯವರೂ ಅದನ್ನು ಕೇಳಿ ಬರೆಸಿಕೊಳ್ಳಿ.