ಕ್ಯಾಮೆರಾ ಸ್ವಲ್ಪ ಕೆಳಗಿಳಿಸಿ ಸ್ವಾಮಿ

ಇವತ್ತೂ ಅದೇ ಕಥೆ. ಮಧ್ಯಾಹ್ನ ಎರಡು ಗಂಟೆಗೆ ಲೋಕಸಭೆ ಮತ್ತೆ ಸೇರುತ್ತೆ ಅಂತ ಫೋನಲ್ಲಿ ಸಂಸದ್ ಟಿವಿ ಹಾಕ್ಕೊಂಡು ಊಟಕ್ಕೆ ಕೂತೆ. ಸಾರನ್ನ ಮುಗಿಯೋದರೊಳಗೆ ಗದ್ದಲ ಶುರು. ಶುರುವಾಗಿದ್ದು ಕಿವಿಗೆ ಮಾತ್ರ. ಕಣ್ಣಿಗೆ ಕಂಡಿದ್ದು ಪೀಠದಲ್ಲಿ ಕೂತವರ ಮುಖವೊಂದೇ. "ಬೈಠ್ ಜಾಯಿಯೇ, ಬೈಠ್ ಜಾಯಿಯೇ" ಅಂತಿದ್ದಾರೆ. ಕೂರಬೇಕಾದವರು ಯಾರು? ಎಷ್ಟು ಜನ? ಕೈಲಿರೋ ಫಲಕದಲ್ಲಿ ಏನು ಬರೆದಿದೆ? ಅದೆಲ್ಲ ದೇವರಿಗೇ ಗೊತ್ತು, ಇಲ್ಲಾ ಕಂಟ್ರೋಲ್ ರೂಮಲ್ಲಿ ಕೂತವರಿಗೆ ಗೊತ್ತು. ಆಮೇಲೆ ಕಲಾಪ ಮುಂದೂಡಿಕೆ. ಮುಗೀತು.

ಕಲಾಪ ನೋಡೋ ನನ್ನ ಹುಚ್ಚು ನಿಮಗೆಲ್ಲ ಗೊತ್ತೇ ಇದೆ. ಮನೇಲಿ ಕ್ರಿಕೆಟ್ಟಿಗೂ ಧಾರಾವಾಹಿಗೂ ರಿಮೋಟ್ ಬಿಟ್ಟುಕೊಟ್ಟವನು ಇದೊಂದಕ್ಕೆ ಬಿಟ್ಟುಕೊಟ್ಟಿಲ್ಲ. 2006ರಲ್ಲಿ ಲೋಕಸಭಾ ಟಿವಿ ಬಂತು, 2011ರಲ್ಲಿ ರಾಜ್ಯಸಭಾ ಟಿವಿ ಬಂತು, 2021ರಲ್ಲಿ ಎರಡನ್ನೂ ಸೇರಿಸಿ ಸಂಸದ್ ಟಿವಿ ಮಾಡಿದರು. ಹೆಸರು ಬದಲಾಯ್ತು, ಲೋಗೋ ಬದಲಾಯ್ತು, ಹೊಸ ಸಂಸತ್ ಭವನವೇ ಬಂತು. ಸದನದಲ್ಲಿ ಏನಾದರೂ ನಡೆಯೋ ಹೊತ್ತಿಗೆ ಸರಿಯಾಗಿ ಕ್ಯಾಮೆರಾಕ್ಕೆ ಕತ್ತು ಉಳುಕೋ ರೋಗ ಮಾತ್ರ ವಾಸಿಯಾಗಲಿಲ್ಲ.

ಇದು ಒಂದು ಪಕ್ಷದ ಮೇಲಿನ ಸಿಟ್ಟು ಅಂದುಕೊಳ್ಳಬೇಡಿ. 2014ರ ಫೆಬ್ರವರಿ 18, ಯುಪಿಎ ಸರ್ಕಾರ. ತೆಲಂಗಾಣ ಮಸೂದೆ ಲೋಕಸಭೆಯಲ್ಲಿ ಪಾಸಾಗೋ ಹೊತ್ತಿಗೆ ಸರಿಯಾಗಿ ನೇರಪ್ರಸಾರವೇ ನಿಂತುಹೋಯ್ತು. ಒಂದು ರಾಜ್ಯ ಎರಡಾಗ್ತಿದೆ, ಪರದೆ ಮೇಲೆ ಏನೂ ಇಲ್ಲ. ಕೇಳಿದರೆ ತಾಂತ್ರಿಕ ದೋಷ ಅಂದರು. ಎಂಥಾ ಮುಹೂರ್ತ ನೋಡಿಕೊಂಡು ಬಂದ ದೋಷ!

ಈಗ ಇವರ ಕಾಲ. 2023ರ ಡಿಸೆಂಬರ್ ಅಧಿವೇಶನದಲ್ಲಿ ಎರಡೂ ಸದನ ಸೇರಿ 146 ಸಂಸದರನ್ನು ಅಮಾನತು ಮಾಡಿದರು. ಕೊನೇ ಮೂವರಲ್ಲಿ ನಮ್ಮ ಬೆಂಗಳೂರು ಗ್ರಾಮಾಂತರದ ಡಿ.ಕೆ. ಸುರೇಶ್ ಕೂಡ ಇದ್ದರು. ಈ 146 ಜನ ಒಬ್ಬೊಬ್ಬರೂ ಏನು ಮಾಡಿದರು ಅಂತ ಕಣ್ಣಾರೆ ನೋಡಿದವರು ನಿಮ್ಮಲ್ಲಿ ಯಾರಾದರೂ ಇದ್ದೀರಾ? ಇನ್ನೂ ಸ್ವಾರಸ್ಯ ಕೇಳಿ. ಆ ಪಟ್ಟಿ ಶುರುವಾದ ದಿನವೇ ಅದರಲ್ಲಿ ಸೇಲಂ ಸಂಸದ ಎಸ್.ಆರ್. ಪಾರ್ತಿಬನ್ ಹೆಸರಿತ್ತು. ಆ ಮನುಷ್ಯ ಅವತ್ತು ಸದನಕ್ಕೇ ಬಂದಿರಲಿಲ್ಲ! ಆಮೇಲೆ ನಮ್ಮ ಧಾರವಾಡದ ಪ್ರಲ್ಹಾದ ಜೋಶಿಯವರೇ, ಅವರೇ ಆಗ ಸಂಸದೀಯ ವ್ಯವಹಾರಗಳ ಸಚಿವರು, ಗುರುತಿಸೋದರಲ್ಲಿ ತಪ್ಪಾಗಿದೆ ಅಂತ ಹೇಳಿದರು, ಹೆಸರು ಕೈಬಿಟ್ಟರು. ಬರದೇ ಇದ್ದವರನ್ನು ಗದ್ದಲ ಮಾಡಿದರು ಅಂತ ಹೊರಗೆ ಹಾಕೋಕೆ ಆಗುತ್ತೆ ಅಂದರೆ, ಪೂರ್ತಿ ಸದನ ಕಾಣೋ ದೃಶ್ಯ ನಮಗೆ ಯಾಕೆ ಬೇಕು ಅಂತ ನಾನು ಬೇರೆ ಹೇಳಬೇಕಾ?

ಪಕ್ಕದ ಮನೆ ಮೇಷ್ಟ್ರು ಇದಕ್ಕೆ ಯಾವಾಗಲೂ ತಕರಾರು ತೆಗೀತಾರೆ. "ಗದ್ದಲ ತೋರಿಸಿದರೆ ಗದ್ದಲ ಮಾಡೋರಿಗೇ ಕುಮ್ಮಕ್ಕು ಕೊಟ್ಟಂಗಾಗುತ್ತಲ್ರೀ. ಬ್ರಿಟನ್ನಲ್ಲೂ ಗಲಾಟೆ ಆದರೆ ಕ್ಯಾಮೆರಾ ಸ್ಪೀಕರ್ ಕಡೆ ತಿರುಗಬೇಕು ಅಂತಲೇ ನಿಯಮ ಇದೆ." ಇರಲಿ ಮೇಷ್ಟ್ರೇ, ನಿಯಮ ಇದೆ. ತೋರಿಸದೆ ಇದ್ದಿದ್ದಕ್ಕೆ ಇಲ್ಲಿ ಗದ್ದಲ ಕಡಿಮೆ ಆಯ್ತಾ? ಇಷ್ಟು ವರ್ಷ ಪೀಠದ ಮುಖವನ್ನೇ ನೋಡಿದ್ದೀವಲ್ಲ, ಸದನದ ಬಾವಿಗೆ, ಅಂದರೆ ಪೀಠದ ಮುಂದಿನ ಜಾಗಕ್ಕೆ, ಇಳಿಯೋದು ನಿಲ್ತಾ? ನಮಗೆ ಪೂರ್ತಿ ಕಾಣದೇ ಇದ್ದಿದ್ದರಿಂದ ಲಾಭ ಆಗಿದ್ದು ಐಟಿ ಸೆಲ್ಲುಗಳಿಗೆ. ಸಂಜೆ ಹೊತ್ತಿಗೆ ಆ ಕಡೆಯವರದೊಂದು ರೀಲು, ಈ ಕಡೆಯವರದೊಂದು ರೀಲು. ಎರಡರಲ್ಲೂ ಅವರವರೇ ಹುಲಿ.

ಇನ್ನು 2008ರ ಜುಲೈ 22 ನೆನಪಿದೆಯಾ? ವಿಶ್ವಾಸಮತದ ದಿನ ಸದನದಲ್ಲಿ ನೋಟಿನ ಕಂತೆ ಎತ್ತಿ ತೋರಿಸಿದ್ದನ್ನು ದೇಶವೇ ಲೈವ್ ನೋಡಿತು. ಆಕಾಶವೇನೂ ಬೀಳಲಿಲ್ಲ. ನಾನಂತೂ ಅವತ್ತು ಸೋಫಾ ಬಿಟ್ಟು ಏಳಲಿಲ್ಲ. ಹೌದು, ನನಗೆ ಗಲಾಟೆ ನೋಡೋ ಚಪಲ ಇದೆ, ಇಲ್ಲ ಅನ್ನಲ್ಲ. ನಿಮಗೂ ಇದೆ. 2019ರ ಜುಲೈನಲ್ಲಿ ನಮ್ಮ ವಿಧಾನಸಭೆಯ ವಿಶ್ವಾಸಮತದ ಚರ್ಚೆಯನ್ನ ಎಷ್ಟು ಜನ ಕೆಲಸ ಬಿಟ್ಟು ನೋಡಿದಿರಿ? ಆಗಿನ ಸ್ಪೀಕರ್ ರಮೇಶ್ ಕುಮಾರ್ ಅವರ ಒಂದೊಂದು ಮಾತೂ ಹೋಟೆಲ್ಲು, ಕಟಿಂಗ್ ಶಾಪು ಎಲ್ಲಾ ಕಡೆ ಚರ್ಚೆ ಆಗ್ತಿತ್ತು. ಕೊನೆಗೆ 99–105ರಲ್ಲಿ ಸರ್ಕಾರ ಬಿತ್ತು. ಅಕ್ಟೋಬರಿನಲ್ಲಿ ಹೊಸ ಸ್ಪೀಕರ್ ಕಾಗೇರಿಯವರು ಮಾಡಿದ್ದೇನು? ಖಾಸಗಿ ಚಾನೆಲ್ಲುಗಳ ಕ್ಯಾಮೆರಾ ಒಳಗೆ ಬರಂಗಿಲ್ಲ, ದೂರದರ್ಶನ ಕೊಟ್ಟಿದ್ದನ್ನೇ ತೋರಿಸಿ ಅಂದರು.

2012ರಲ್ಲಿ ನಮ್ಮ ವಿಧಾನಸಭೆಯಲ್ಲಿ ಕೂತು ಮೊಬೈಲಲ್ಲಿ ಮಂತ್ರಿಗಳು ನೋಡ್ತಿದ್ದ "ಆ" ವಿಡಿಯೋ ಪ್ರಕರಣ ಹೊರಗೆ ಬಂದಿದ್ದು ಖಾಸಗಿ ಚಾನೆಲ್ ಕ್ಯಾಮೆರಾದಿಂದ. ಮರುದಿನವೇ ಮೂವರ ರಾಜೀನಾಮೆ. ಸರ್ಕಾರಿ ಕ್ಯಾಮೆರಾ ಒಂದೇ ಇದ್ದಿದ್ದರೆ ಅವತ್ತು ನಾವು ನೋಡ್ತಿದ್ದದ್ದು ಮತ್ತದೇ ಪೀಠ, ಮತ್ತದೇ ಮುಖ.

ಅಮೆರಿಕದಲ್ಲೂ ಮಾಮೂಲಿ ದಿನ ಕ್ಯಾಮೆರಾ ಸದನದವರ ಕೈಯಲ್ಲೇ ಇರೋದು. ಆದರೆ 2023ರ ಜನವರಿಯಲ್ಲಿ ಸ್ಪೀಕರ್ ಆಯ್ಕೆ ಹದಿನೈದು ಸುತ್ತು ಎಳೀತಲ್ಲ, ಆಗ ಸಿ-ಸ್ಪ್ಯಾನ್ ಚಾನೆಲ್ಲು ತನ್ನದೇ ಕ್ಯಾಮೆರಾ ಇಟ್ಟುಕೊಂಡಿತ್ತು. ಯಾರು ಯಾರ ಕಿವಿಯಲ್ಲಿ ಪಿಸುಗುಟ್ಟಿದರು, ಯಾರು ಯಾರ ಮೇಲೆ ಏರಿ ಹೋದರು, ಹೋದವರನ್ನ ಇನ್ನೊಬ್ಬರು ಬಾಯಿಗೇ ಕೈ ಹಾಕಿ ಹೇಗೆ ಹಿಂದಕ್ಕೆಳೆದರು, ಎಲ್ಲಾ ಕಾಣ್ತು. ನಾಲ್ಕು ದಿನದ ಸುಖ. ಸ್ಪೀಕರ್ ಆಯ್ಕೆ ಆದ ಮೇಲೆ ಅಲ್ಲೂ ಮತ್ತೆ ಹಳೇ ಪದ್ಧತಿ. ಅಧಿಕಾರದ ಬುದ್ಧಿ ಎಲ್ಲಾ ಕಡೆ ಒಂದೇ.

ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನ ನೋಡೋ ಭಾಗ್ಯ ನಮಗಿಲ್ಲ, ಆಗ ಟಿವಿ ಕ್ಯಾಮೆರಾ ಇರಲಿಲ್ಲ, ಒಪ್ಪಿದೆ. ಈಗ ಏನು ದಾಡಿ?

ನಾನು ಕೇಳೋದು ಜಾಸ್ತಿ ಏನಲ್ಲ. ಈಗಿನ ಪ್ರಸಾರ ಹಾಗೇ ಇರಲಿ, ಪೀಠಕ್ಕೆ ಮರ್ಯಾದೆ ಬೇಕು. ಜೊತೆಗೆ ಒಂದು ಮೂಲೆಯಲ್ಲಿ ಪೂರ್ತಿ ಸದನ ಕಾಣೋ ಹಾಗೆ ಒಂದು ಕ್ಯಾಮೆರಾ ಇಟ್ಟು ಅದನ್ನ ಬೇರೆ ಯೂಟ್ಯೂಬ್ ಲೈವಲ್ಲಿ ಬಿಟ್ಟುಬಿಡಿ. ಅದನ್ನ ತಿರುಗಿಸೋಕೆ ಯಾರೂ ಬೇಡ. ಧ್ವನಿ ಕೊಡಲ್ಲ ಅಂದರೆ ಧ್ವನಿಯೂ ಬೇಡ. ಯಾರು ಕೂತಿದ್ದಾರೆ, ಯಾರು ಎದ್ದಿದ್ದಾರೆ, ಯಾರು ಬಂದೇ ಇಲ್ಲ, ನಾವೇ ನೋಡ್ಕೋತೀವಿ.

ಕಾಮೆಂಟಲ್ಲಿ ಪಕ್ಷ ಕಟ್ಟಿಕೊಂಡು ಜಗಳಕ್ಕೆ ಬರೋರು ದಯವಿಟ್ಟು 2014ರ ಪ್ಯಾರಾ ಇನ್ನೊಂದು ಸಲ ಓದಿ ಬನ್ನಿ.